ಗಾಲಿಕುರ್ಚಿ ಪಾರ್ಕಿಂಗ್ ಪಕ್ಕದ ಪಟ್ಟೆಯ ಮೇಲೆ ಗಾಡಿ ನಿಲ್ಲಿಸಬೇಡಿ

ಮಾಲ್‌ಗಳ ನೆಲಮಾಳಿಗೆಯಲ್ಲಿ ಪದೇ ಪದೇ ಆಗುವುದು ಇದು. ಗಾಲಿಕುರ್ಚಿ ಬಳಸುವವರು ಮೀಸಲು ಜಾಗದಲ್ಲಿ ಕಾರು ನಿಲ್ಲಿಸಿ ಒಳಗೆ ಹೋಗಿರುತ್ತಾರೆ. ಸಾಮಾನು ತೆಗೆದುಕೊಂಡು ಬರುವಷ್ಟರಲ್ಲಿ ಪಕ್ಕದ ಅಡ್ಡಪಟ್ಟೆಯ ಮೇಲೆ ಎರಡು ಬೈಕು ನಿಂತಿರುತ್ತವೆ, ಹ್ಯಾಂಡಲ್ ಲಾಕ್ ಬೇರೆ. ಬಾಗಿಲು ಅರ್ಧ ತೆರೆದು ನಿಲ್ಲುತ್ತದೆ. ಬೈಕಿನವರು ಸಿನಿಮಾ ಮುಗಿಸಿ ಬರುವವರೆಗೆ ಕಾಯುವುದೇ ಗತಿ.

ಮಾಮೂಲಿ ಪಾರ್ಕಿಂಗ್ ಜಾಗದ ಅಗಲ 2.5 ಮೀಟರ್, ಕಾರಿನದು ಸುಮಾರು 1.7. ಮಧ್ಯೆ ನಿಲ್ಲಿಸಿದರೆ ಒಂದೊಂದು ಬದಿಗೆ 40 ಸೆಂ.ಮೀ. ಉಳಿಯುತ್ತದೆ. ಗಾಲಿಕುರ್ಚಿಯ ಅಗಲವೇ 65ರಿಂದ 70 ಸೆಂ.ಮೀ. ಅದಕ್ಕೇ ರಾಷ್ಟ್ರೀಯ ಕಟ್ಟಡ ಸಂಹಿತೆ ಕನಿಷ್ಠ 3.6 ಮೀಟರ್ ಅಗಲದ ಜಾಗ ಕೇಳುತ್ತದೆ, ಅದೂ ಕಟ್ಟಡದ ಬಾಗಿಲಿನಿಂದ 30 ಮೀಟರ್ ಒಳಗೆ. ಆ ಪಟ್ಟೆ ಮಿಕ್ಕ ಜಾಗವಲ್ಲ, ಕುರ್ಚಿಯಿಂದ ಸೀಟಿಗೆ ದಾಟುವ ಜಾಗ. "ಎರಡೇ ನಿಮಿಷ" ಎಂದು ನಿಲ್ಲಿಸುವವರಿಗೆ ಇದು ಗೊತ್ತಿರಲಿ.

ಪಕ್ಕದ ಚಕ್ರ ಹಾಕಿಸಿದ ಸ್ಕೂಟರಿನವರ ಪಾಡು ಇನ್ನೂ ಕಷ್ಟ. ಬಹುತೇಕ ಗಾಡಿಗಳಿಗೆ ರಿವರ್ಸ್ ಇಲ್ಲ, ಕಾಲೂರಿ ಹಿಂದಕ್ಕೆ ತಳ್ಳಲೂ ಆಗದು. ಹಿಂದೆ ಒಂದು ಬೈಕು ಅಡ್ಡ ನಿಂತರೆ ಯಾರಾದರೂ ಬಂದು ಸರಿಸಬೇಕು.

ಅಂಗಡಿಯವರೂ ಕೇಳಿ. ಜಾಗ ಕಾಯಲು ಕೋನ್ ಇಟ್ಟು ಸೆಕ್ಯುರಿಟಿಯವರು ಬೇರೆ ಕಡೆ ಹೋದರೆ ಅದನ್ನು ಇಳಿದು ಸರಿಸುವವರು ಯಾರು? ಒಬ್ಬರೇ ಬಂದ ಚಾಲಕರಿಂದ ಅದು ಆಗದ ಕೆಲಸ. ಟ್ರಾಲಿ, ಹಬ್ಬದ ಸೇಲ್ ಟೇಬಲ್ ಕೂಡ ಅಲ್ಲಿ ಬೇಡ.

ಈ ಜಾಗ ಬೇಕಾದವರು ಪಟ್ಟೆ ಬಲಕ್ಕಿದ್ದರೆ ನೇರವಾಗಿ, ಎಡಕ್ಕಿದ್ದರೆ ರಿವರ್ಸ್‌ನಲ್ಲಿ ನಿಲ್ಲಿಸಿ. ಚಾಲಕನ ಬಾಗಿಲು ಪಟ್ಟೆಯ ಕಡೆಗೇ ಬರುತ್ತದೆ. ದಾರಿ ಮುಚ್ಚಿದ್ದರೆ ನಂಬರ್ ಪ್ಲೇಟ್, ಗಾಲಿಕುರ್ಚಿ ಗುರುತು, ಪಟ್ಟೆ ಮೂರೂ ಒಂದೇ ಫೋಟೋದಲ್ಲಿ ಕಾಣುವಂತೆ ತೆಗೆಯಿರಿ. ಮೈಕಿನಲ್ಲಿ ಗಾಡಿ ನಂಬರ್ ಕೂಗಿಸಿ. ಪಾರ್ಕಿಂಗ್ ಚೀಟಿ ಬಿಸಾಡಬೇಡಿ, ಸಮಯಕ್ಕೆ ಅದೇ ಸಾಕ್ಷಿ. ಮ್ಯಾನೇಜರ್‌ಗೆ ಬರವಣಿಗೆಯಲ್ಲೇ ದೂರು ಕೊಟ್ಟು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನ ದೂರು ಆ ಶಿಫ್ಟ್ ಮುಗಿಯುವುದರೊಳಗೆ ಮರೆತುಹೋಗಿರುತ್ತದೆ.

ಆಮೇಲೂ ಸರಿಹೋಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ಬರೆಯಿರಿ. ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡಗಳೂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಗೆ ಒಳಪಡುತ್ತವೆ. ಕಾಯ್ದೆ ಮೀರಿದರೆ 89ನೇ ಕಲಂ ಪ್ರಕಾರ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ. ದೂರಿನಲ್ಲಿ ಈ ಕಲಂ ಸಂಖ್ಯೆಯನ್ನು ತಪ್ಪದೆ ಬರೆಯಿರಿ.