ಐದಕ್ಕೆ ಐದು ರೇಟಿಂಗ್ ನೋಡಿ ವಿಮಾನ ಕೊಳ್ಳಬೇಡಿ

ಮಂಗಳೂರು, ಉಡುಪಿ ಕಡೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್ ಆಡುವವರು ದಯವಿಟ್ಟು ಓದಿ. ಫ್ಲೈಟ್‌ಗಿಯರ್ ಅಂಥದ್ದೇ ಒಂದು ಉಚಿತ ಸಿಮ್ಯುಲೇಟರ್. ‘ಫ್ಲೈಟ್‌ಗಿಯರ್‌ಗೆ ಪೂರ್ತಿ ತಯಾರಾದ ಜೆಟ್, ರೇಟಿಂಗ್ ಐದಕ್ಕೆ ಐದು’ ಅಂತ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಬ್ಬರು ಪೆನ್‌ಡ್ರೈವ್ ಮಾರುತ್ತಿದ್ದಾರೆ. ದುಡ್ಡು ಕಳಿಸಬೇಡಿ. ನನ್ನ 1,500 ರೂಪಾಯಿ ಹೋಯಿತು.

ಹೊರಗಿನಿಂದ ವಿಮಾನ ಚಂದವೇ ಇದೆ. ಬಣ್ಣ, ರೆಕ್ಕೆ, ಚಕ್ರ ಮಡಚುವುದು ಎಲ್ಲ ಸರಿ. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಏರಿಸಿ ಸಮುದ್ರದ ಮೇಲೆ ಹೋಗಿ, ಎಂಜಿನ್ ಐಡಲ್‌ಗೆ, ಅಂದರೆ ತೀರಾ ಕಡಿಮೆ ಶಕ್ತಿಗೆ ಇಳಿಸಿ ಮೂತಿ ಎತ್ತಿ ಹಿಡಿದೆ. ವೇಗ 60 ನಾಟ್‌ಗೆ (ಗಂಟೆಗೆ ಸುಮಾರು 110 ಕಿ.ಮೀ.) ಬಿದ್ದರೂ ಸ್ಟಾಲ್ ಆಗಲಿಲ್ಲ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಂಡು ಕೆಳಗೆ ಬೀಳಲಿಲ್ಲ. ಗಾಳಿಪಟದ ಹಾಗೆ ತೇಲುತ್ತಲೇ ಇತ್ತು! ನಿಧಾನವಾಗಿ ಇಳಿಯಲು ನೆರವಾಗುವ, ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಪೂರ್ತಿ ಇಳಿಸಿದರೂ ಹಾರಾಟದಲ್ಲಿ ವ್ಯತ್ಯಾಸವಿಲ್ಲ. ಇಂಧನದ ಮುಳ್ಳು ಅಲುಗಲಿಲ್ಲ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿದರೆ ಕಾಕ್‌ಪಿಟ್‌ನಲ್ಲಿ ಎಲ್ಲೆಲ್ಲಿ ಕ್ಲಿಕ್ ಮಾಡಬಹುದು ಅಂತ ಕಾಣುತ್ತದೆ, ಅಲ್ವಾ? ಇದರಲ್ಲಿ ಕಂಡದ್ದು ಬೆರಳೆಣಿಕೆಯಷ್ಟು. ಉಳಿದ ಸ್ವಿಚ್ಚೆಲ್ಲ ಬರೀ ಚಿತ್ರ.

ಬಜ್ಪೆಯ ದೊಡ್ಡ ರನ್‌ವೇ 2,450 ಮೀಟರ್. ಗುಡ್ಡದ ತಲೆ ಮೇಲಿದೆ, ತುದಿ ದಾಟಿದರೆ ಕಣಿವೆ. ಅಲ್ಲಿ ಇಳಿಸುವುದನ್ನು ಕಲಿಯಬೇಕು ಅಂತಲೇ ಇದನ್ನು ಕೊಂಡದ್ದು. ಫ್ಲ್ಯಾಪ್ ಕೆಲಸ ಮಾಡದ ವಿಮಾನದಲ್ಲಿ ಎಂಥ ಕಲಿಯುವುದು ಮಾರಾಯ್ರೇ?

ಫ್ಲೈಟ್‌ಗಿಯರ್‌ನಲ್ಲಿ ರೇಟಿಂಗ್ ಒಂದೇ ಅಂಕ ಅಲ್ಲ. ಹಾರಾಟದ ಗುಣ, ಒಳಗಿನ ಸಿಸ್ಟಮ್‌ಗಳು, ಕಾಕ್‌ಪಿಟ್, ಹೊರ ರೂಪ, ಈ ನಾಲ್ಕಕ್ಕೂ ಬೇರೆ ಬೇರೆಯಾಗಿ 0ಯಿಂದ 5ರವರೆಗೆ ಕೊಡುತ್ತಾರೆ. ಸರಾಸರಿ ಲೆಕ್ಕ ಇಲ್ಲ. ನಾಲ್ಕರಲ್ಲೂ ಕನಿಷ್ಠ 2 ಬಂದರೆ ಬೀಟಾ, ಅಂದರೆ ಪರೀಕ್ಷೆಯ ಹಂತ. ಒಂದರಲ್ಲಿ ಕಡಿಮೆಯಾದರೂ ಅದಕ್ಕಿಂತ ಕೆಳಗಿನ, ಇನ್ನೂ ಕಚ್ಚಾ ಇರುವ ಆಲ್ಫಾ ಹಂತವೇ, ಹೊರ ರೂಪ ಎಷ್ಟೇ ಚಂದ ಇರಲಿ. ಈ ಅಂಕ ಹಾಕುವುದು ಸಾಮಾನ್ಯವಾಗಿ ವಿಮಾನ ಮಾಡಿದವರೇ. ಹೆಚ್ಚಿನವರು ಪ್ರಾಮಾಣಿಕರು, ತಮ್ಮ ಕೆಲಸಕ್ಕೆ ತಾವೇ 1 ಕೊಟ್ಟುಕೊಳ್ಳುತ್ತಾರೆ. ನನಗಂತೂ ಅದು ಬಹಳ ಇಷ್ಟ.

ಆದರೆ ಆ ಅಂಕಗಳು ಕೂತಿರುವುದು ವಿಮಾನದ ಫೋಲ್ಡರಿನಲ್ಲಿರುವ ಸೆಟ್ ಎಕ್ಸ್‌ಎಂಎಲ್ ಅನ್ನುವ ಸಾದಾ ಅಕ್ಷರಗಳ ಫೈಲಿನಲ್ಲಿ. ನೋಟ್‌ಪ್ಯಾಡ್ ಇದ್ದರೆ ಯಾರು ಬೇಕಾದರೂ ತಿದ್ದಬಹುದು. ಅನುಮಾನ ಬಂದು ಹುಡುಕಿದಾಗ ಇದೇ ವಿಮಾನ ಉಚಿತವಾಗಿಯೇ ಸಿಕ್ಕಿತು. ಅಸಲಿ ಫೈಲಿನಲ್ಲಿ ಹಾರಾಟಕ್ಕೆ 1, ಸಿಸ್ಟಮ್‌ಗೆ 1, ಕಾಕ್‌ಪಿಟ್‌ಗೆ 2, ಹೊರ ರೂಪಕ್ಕೆ 4. ಪೆನ್‌ಡ್ರೈವ್‌ನಲ್ಲಿ ನಾಲ್ಕೂ 5! ಮಾಡಿದವರ ಹೆಸರು ಅಳಿಸಿದ್ದಾರೆ, ಲೈಸೆನ್ಸ್ ಫೈಲೂ ಇಲ್ಲ. ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಲು ಬಿಡುವ ಜಿಪಿಎಲ್ ಲೈಸೆನ್ಸ್ ಇರುವುದನ್ನು ದುಡ್ಡಿಗೆ ಮಾರುವುದು ತಪ್ಪಲ್ಲ. ಆ ಲೈಸೆನ್ಸನ್ನೇ ಕಿತ್ತು ಮಾರುವುದು ತಪ್ಪು.

ಕೊಳ್ಳುವ ಮೊದಲು ಫ್ಲೈಟ್‌ಗಿಯರ್ ತೆರೆದಾಗ ಮೊದಲು ಬರುವ ಲಾಂಚರ್ ಪರದೆಯಲ್ಲಿ ಅದೇ ಹೆಸರಿನ ವಿಮಾನ ಹುಡುಕಿ. ನಾಲ್ಕೂ ಅಂಕ ಅಲ್ಲೇ ಕಾಣುತ್ತದೆ, ಇಳಿಸಿಕೊಳ್ಳಲು ಕಾಸು ಬೇಡ.

ಹಣ ವಾಪಸ್ ಕೇಳಿದ್ದಕ್ಕೆ ‘ಒಮ್ಮೆ ತೆರೆದ ಸಾಫ್ಟ್‌ವೇರ್ ಹಿಂದೆ ತಗೊಳ್ಳೋದಿಲ್ಲ’ ಅಂದು ನನ್ನನ್ನು ಬ್ಲಾಕ್ ಮಾಡಿದರು. ಈಗ ಅದೇ ವಿಮಾನಕ್ಕೆ ಬೇರೆ ಬಣ್ಣ ಹಚ್ಚಿ, ಬೇರೆ ನಂಬರಿನಿಂದ, ಇನ್ನೂ ಜಾಸ್ತಿ ಬೆಲೆಗೆ ಮಾರುತ್ತಿದ್ದಾರೆ.