ಬಾಡಿಗೆ ಕರಾರಿನ ಅವಧಿ: ಮಡಿಕೇರಿಯ ಒಬ್ಬ ಪತ್ರ ಬರಹಗಾರರ ಸೇವೆ

ಬಾಡಿಗೆ ಕರಾರು ಬರೆಸಲು ಹೋದವರಿಗೆ ಸಾಮಾನ್ಯವಾಗಿ ಸಿಗುವುದು ಮೊದಲೇ ಸಿದ್ಧವಿರುವ 11 ತಿಂಗಳ ನಮೂನೆ. ಹೆಸರು, ಬಾಡಿಗೆ, ಮುಂಗಡ ತುಂಬಿದರೆ ಕೆಲಸ ಮುಗಿಯಿತು. ಮಡಿಕೇರಿಯಲ್ಲಿ ನಮ್ಮ ಕರಾರನ್ನು ಬರೆದುಕೊಟ್ಟ ಪತ್ರ ಬರಹಗಾರರು ಹಾಗೆ ಮಾಡಲಿಲ್ಲ. ಮನೆ ಮಾಲೀಕರನ್ನೂ ನಮ್ಮನ್ನೂ ಒಟ್ಟಿಗೆ ಕೂರಿಸಿಕೊಂಡು, ಎಷ್ಟು ಕಾಲ ಇರುವ ಅಂದಾಜಿದೆ, ವರ್ಗಾವಣೆಯಾಗುವ ನೌಕರಿಯೇ, ಮಕ್ಕಳು ಯಾವ ತರಗತಿಯಲ್ಲಿದ್ದಾರೆ ಎಂದು ವಿಚಾರಿಸಿದ ಮೇಲೆಯೇ ಅವಧಿಯ ಮಾತಿಗೆ ಬಂದರು. ಅವರ ಸೇವೆಯನ್ನು ನಾನು ಮೆಚ್ಚುವುದು ಮುಖ್ಯವಾಗಿ ಇದಕ್ಕಾಗಿ.

11 ತಿಂಗಳ ರೂಢಿಯ ಹಿನ್ನೆಲೆಯನ್ನೂ ಅವರು ಬಿಡಿಸಿ ಹೇಳಿದರು. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರಿದ ಅಥವಾ ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಬಾಡಿಗೆ ಪತ್ರಗಳಿಗೆ ನೋಂದಣಿ ಕಡ್ಡಾಯ. ಆ ಖರ್ಚು, ಓಡಾಟ ಬೇಡವೆನ್ನುವವರು ವರ್ಷದೊಳಗೇ ನಿಲ್ಲುವ ಅವಧಿ ಹಾಕಿಸುತ್ತಾರೆ. ಮೂರು ವರ್ಷಕ್ಕೆಂದು ಬರೆದು ನೋಟರಿ ಮಾಡಿಸಿದರೆ ಸಾಕೆಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನೋಟರಿಯ ಮೊಹರು ನೋಂದಣಿಗೆ ಬದಲಿಯಲ್ಲ; ನೋಂದಣಿ ಕಡ್ಡಾಯವಿದ್ದೂ ಮಾಡಿಸದ ಪತ್ರವನ್ನು ಅದರಲ್ಲಿ ಬರೆದ ಹಕ್ಕಿಗೆ ಸಾಕ್ಷ್ಯವಾಗಿ ಒಪ್ಪದ ಅದೇ ಕಾಯ್ದೆಯ 49ನೇ ಸೆಕ್ಷನ್ ಇರುವಾಗ, ಅಂಥ ಪತ್ರವನ್ನು ಹಿಡಿದು ಮೂರು ವರ್ಷದ ಹಕ್ಕನ್ನು ನ್ಯಾಯಾಲಯದಲ್ಲಿ ಸಾಧಿಸುವುದು ಬಹಳ ಕಷ್ಟ. ನಿಜಕ್ಕೂ ಅಷ್ಟು ಕಾಲದ ಭದ್ರತೆ ಬೇಕಿದ್ದರೆ ರಿಜಿಸ್ಟರ್ ಮಾಡಿಸಿರೆಂದು ಅವರು ನೇರವಾಗಿಯೇ ಹೇಳುತ್ತಾರೆ.

ಆದರೆ ಕೊಡಗಿನಲ್ಲಿ ಅವಧಿಯ ಉದ್ದದಷ್ಟೇ ಮುಖ್ಯವಾದದ್ದು ಅದು ಮುಗಿಯುವ ತಿಂಗಳು, ಮತ್ತು ಇದನ್ನು ಗಮನಿಸುವ ಬರಹಗಾರರು ಅಪರೂಪ. ನಾವು ಮನೆ ಹಿಡಿದದ್ದು ಸೆಪ್ಟೆಂಬರ್ 1ಕ್ಕೆ. ರೂಢಿಯಂತೆ 11 ತಿಂಗಳು ಬರೆದಿದ್ದರೆ ಕರಾರು ಜುಲೈ 31ಕ್ಕೆ, ಅಂದರೆ ಕೊಡವರ ಕಕ್ಕಡ ತಿಂಗಳ ಜೋರು ಮಳೆಯ ನಡುವೆ ಮುಗಿಯುತ್ತಿತ್ತು. ಆ ದಿನಗಳಲ್ಲಿ ಹಾಸಿಗೆ, ಪುಸ್ತಕ, ಅಕ್ಕಿಮೂಟೆಗಳನ್ನು ನೆನೆಯದಂತೆ ಸಾಗಿಸುವುದು ಎಷ್ಟು ಕಷ್ಟವೋ, ಗೋಡೆಯೇ ಒಣಗದ ಆ ಕಾಲದಲ್ಲಿ ಸುಣ್ಣಬಣ್ಣ ಮಾಡಿಸಿ ಹೊಸ ಬಾಡಿಗೆದಾರರನ್ನು ಹುಡುಕುವುದು ಮಾಲೀಕರಿಗೂ ಅಷ್ಟೇ ಕಷ್ಟ. ಶಾಲೆಗಳೂ ಶುರುವಾಗಿ ಎರಡು ತಿಂಗಳಾಗಿರುತ್ತವೆ. 11 ತಿಂಗಳೇ ಆಗಬೇಕೆಂಬ ನಿಯಮ ಎಲ್ಲಿಯೂ ಇಲ್ಲವೆಂದು ತಿಳಿಸಿ, ಅವರು ಮೊದಲ ಕರಾರನ್ನು ಎಂಟೇ ತಿಂಗಳಿಗೆ, ಏಪ್ರಿಲ್ 30ಕ್ಕೆ ಮುಗಿಯುವಂತೆ ಬರೆದರು. ಹೀಗೆ ಮಾಡಿದರೆ ಬಾಡಿಗೆ ಏರಿಕೆಯೂ ಬೇಗ ಬರಬಹುದೆಂಬ ನಮ್ಮ ಅಳುಕಿಗೆ, ಮನೆ ಸೇರಿ ಒಂದು ವರ್ಷವಾಗುವವರೆಗೆ, ನವೀಕರಣದ ನಂತರವೂ, ಹೆಚ್ಚಳವಿಲ್ಲವೆಂಬ ಒಂದು ಸಾಲನ್ನು ಮಾಲೀಕರ ಒಪ್ಪಿಗೆ ಪಡೆದು ಸೇರಿಸಿದರು. ಸುಮ್ಮನೆ 11 ತಿಂಗಳಿಗೆ ನವೀಕರಿಸುತ್ತ ಹೋದರೆ ಮುಗಿಯುವ ದಿನ ಪ್ರತಿ ಸಲ ಒಂದು ತಿಂಗಳು ಹಿಂದಕ್ಕೆ ಸರಿದು, ಮುಂದಿನದು ಪರೀಕ್ಷೆಯ ಮಾರ್ಚ್‌ಗೆ ಬೀಳುತ್ತದೆಂದೂ ಎಚ್ಚರಿಸಿದರು.

ನೋಟಿಸ್ ಅವಧಿಯ ವಿಷಯದಲ್ಲಿಯೂ ಅವರದು ಒಳ್ಳೆಯ ಸಲಹೆ. ಕರಾರಿನಲ್ಲಿ ಏನೂ ಬರೆಯದಿದ್ದರೆ ವಾಸದ ಮನೆಯ ಬಾಡಿಗೆಯನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆ ತಿಂಗಳ ಬಾಡಿಗೆಯೆಂದು ಪರಿಗಣಿಸುತ್ತದೆ, ಅದನ್ನು ಕೊನೆಗೊಳಿಸಲು 15 ದಿನದ ನೋಟಿಸ್ ಸಾಕು. ಮಡಿಕೇರಿಯಂಥ ಊರಿನಲ್ಲಿ, ಒಳ್ಳೆಯ ಮನೆಗಳೆಲ್ಲ ಹೋಂಸ್ಟೇ ಆಗುತ್ತಿರುವಾಗ, 15 ದಿನದಲ್ಲಿ ಇನ್ನೊಂದು ಮನೆ ಸಿಗುವುದೆಂದು ನಂಬಲಾಗದು. ನಮ್ಮ ಕರಾರಿನಲ್ಲಿ ಎರಡೂ ಕಡೆಗೆ ಎರಡು ತಿಂಗಳೆಂದು ಬರೆಸಿದೆವು. ವರ್ಗಾವಣೆಯಾದರೆ ಆದೇಶದ ಪ್ರತಿ ಕೊಟ್ಟು ಒಂದೇ ತಿಂಗಳಲ್ಲಿ ಬಿಡಬಹುದು. ಅಂಗಡಿ ಅಥವಾ ಹೋಂಸ್ಟೇಗೆ ಕಟ್ಟಡ ಹಿಡಿದು ಸ್ವಂತ ಹಣ ಸುರಿಯುವವರಿಗೆ ಮಾತ್ರ ಈ ಗಿಡ್ಡ ಅವಧಿಗಳು ತರವಲ್ಲ. ಅವರು ನೋಂದಾಯಿತ ದೀರ್ಘ ಕರಾರನ್ನೇ ಮಾಡಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯವೂ ಹೌದು.

ಈ ಬರಹಗಾರರ ಸೇವೆಯಲ್ಲಿ ಕೊರತೆಗಳೂ ಇವೆ. ಅವರು ಆಧಾರವಾಗಿಟ್ಟುಕೊಳ್ಳುವ ನಮೂನೆಯಲ್ಲಿ ಬಾಡಿಗೆಗೆ ಶೇಕಡಾ 10ರ ಹೆಚ್ಚಳ ಮೊದಲೇ ಕುಳಿತಿರುತ್ತದೆ, ಕೇಳಿದರಷ್ಟೇ ಬದಲಾಗುತ್ತದೆ. ಮಳೆಗಾಲದಲ್ಲಿ ಹೆಂಚು ಸೋರಿದರೆ ರಿಪೇರಿ ಯಾರದೆಂಬ ಸಾಲು ಅದರಲ್ಲಿಲ್ಲ. ಕೊಡಗಿನ ಕರಾರಿನಲ್ಲಿ ಇದಿಲ್ಲದಿರುವುದು ಸಣ್ಣ ಲೋಪವಲ್ಲ. ಕರಡನ್ನು ಮನೆಗೆ ಕೊಟ್ಟುಕಳುಹಿಸುವ ಪದ್ಧತಿಯೂ ಇಲ್ಲದ ಕಾರಣ, ಈ ಎರಡು ಅಂಶಗಳನ್ನು ಇ-ಸ್ಟಾಂಪ್ ಕಾಗದದ ಮೇಲೆ ಅಚ್ಚಾಗುವ ಮೊದಲೇ ಅಲ್ಲಿಯೇ ಕುಳಿತು ಓದಿ ತಿದ್ದಿಸಿಕೊಳ್ಳಬೇಕಾಗುತ್ತದೆ.