ಡೆಬಿಯನ್ ಸ್ಟೇಬಲ್: ನಾನೇ ಜೋಡಿಸಿದ ಗಣಕದಲ್ಲಿ ಆರು ವರ್ಷಗಳ ಬಳಕೆ

2019ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದ ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ತಂದು ಮನೆಯಲ್ಲಿ ಜೋಡಿಸಿಕೊಂಡ ಗಣಕದಲ್ಲಿ ಅಂದಿನಿಂದಲೂ ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆಯಾದ ಡೆಬಿಯನ್‌ನ ಸ್ಥಿರ ಶಾಖೆ, ಡೆಬಿಯನ್ ಸ್ಟೇಬಲ್ ಒಂದನ್ನೇ ಬಳಸುತ್ತಿದ್ದೇನೆ. ಆ ವರ್ಷ ಬಂದ ಹತ್ತನೆಯ ಆವೃತ್ತಿ ಬಸ್ಟರ್‌ನಿಂದ ಆರಂಭಿಸಿ, ಬುಲ್ಸ್‌ಐ ಮತ್ತು ಬುಕ್‌ವರ್ಮ್‌ಗಳನ್ನು ದಾಟಿ, 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಟ್ರಿಕ್ಸಿಗೆ ಬಂದಿದ್ದೇನೆ. ಇಷ್ಟು ಕಾಲದಲ್ಲಿ ಒಮ್ಮೆಯೂ ಡಿಸ್ಕ್ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುವ ಪ್ರಸಂಗ ಬರಲಿಲ್ಲ.

ಸ್ಟೇಬಲ್‌ನಲ್ಲಿ ಸಿಗುವ ತಂತ್ರಾಂಶಗಳು ಹಳೆಯವು ಎಂಬ ದೂರು ಬಹಳ ಕಾಲದಿಂದ ಇದೆ, ಅದು ನಿಜವೂ ಹೌದು. ಸುಮಾರು ಎರಡು ವರ್ಷಗಳಿಗೊಮ್ಮೆ ಹೊಸ ಬಿಡುಗಡೆಯಾಗುತ್ತದೆ. ಬ್ರೌಸರ್‌ನಂಥ ಕೆಲವನ್ನು ಬಿಟ್ಟರೆ, ಆ ದಿನ ಯಾವ ಆವೃತ್ತಿ ಇರುತ್ತದೆಯೋ ಮುಂದಿನ ಬಿಡುಗಡೆಯವರೆಗೆ ಅದೇ ಉಳಿಯುತ್ತದೆ. ನಡುವೆ ಬರುವುದು ಭದ್ರತಾ ತಿದ್ದುಪಡಿಗಳು ಮತ್ತು ಗಂಭೀರ ದೋಷಗಳ ಪರಿಹಾರ ಮಾತ್ರ. ಈ ನಿಧಾನವನ್ನೇ ನಾನು ಇದರ ಅತಿ ದೊಡ್ಡ ಗುಣವೆಂದು ಭಾವಿಸುತ್ತೇನೆ.

ಕಾರಣ ಸ್ಪಷ್ಟವಾದದ್ದು 2024ರ ಮಾರ್ಚ್ 29ರಂದು. ಫೈಲುಗಳನ್ನು ಕುಗ್ಗಿಸಲು ಬಳಸುವ ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಉದ್ದೇಶಪೂರ್ವಕವಾಗಿ ಹಿಂಬಾಗಿಲೊಂದನ್ನು (ಗುಟ್ಟಾಗಿ ಒಳನುಗ್ಗುವ ದಾರಿಯನ್ನು) ಇರಿಸಲಾಗಿದೆ ಎಂಬುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅಂದು ಬಹಿರಂಗಪಡಿಸಿದರು. ಬೇರೊಂದು ಗಣಕಕ್ಕೆ ದೂರದಿಂದ ಪ್ರವೇಶಿಸಲು ಬಳಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದ್ದುದೇಕೆ ಎಂದು ಹುಡುಕುತ್ತ ಹೋದಾಗ ಅವರಿಗೆ ಇದು ಸಿಕ್ಕಿತು. ಹೊಸ ತಂತ್ರಾಂಶಗಳು ಮೊದಲು ಬರುವ ಡೆಬಿಯನ್‌ನ ಅನ್‌ಸ್ಟೇಬಲ್ ಮತ್ತು ಟೆಸ್ಟಿಂಗ್ ಶಾಖೆಗಳಿಗೆ ಆ ಆವೃತ್ತಿಗಳು ಆಗಲೇ ತಲುಪಿದ್ದವು; ನನ್ನ ಗಣಕದಲ್ಲಿದ್ದ ಬುಕ್‌ವರ್ಮ್‌ನಲ್ಲಿ ಮಾತ್ರ ಹಳೆಯ 5.4.1 ಇತ್ತು. ಮೂಲ ಎಸ್‌ಎಸ್‌ಎಚ್ ತಂತ್ರಾಂಶಕ್ಕೆ ಎಕ್ಸ್‌ಝಡ್ ಬೇಕಾಗಿಯೇ ಇಲ್ಲ, ಡೆಬಿಯನ್‌ನಂಥ ಲಿನಕ್ಸ್ ವಿತರಣೆಗಳು ತಾವೇ ಸೇರಿಸಿಕೊಂಡಿದ್ದ ತಿದ್ದುಪಡಿಯ (ಪ್ಯಾಚ್) ಮೂಲಕ ಆ ಸಂಬಂಧ ಏರ್ಪಟ್ಟಿತ್ತು ಎಂಬುದನ್ನೂ ಹೇಳಲೇಬೇಕು. ಹೀಗೆ ತಾನೇ ಕೈಹಾಕಿ ಕೆಡಿಸಿಕೊಂಡದ್ದು ಡೆಬಿಯನ್‌ಗೆ ಹೊಸದಲ್ಲ: ಗೂಢಲಿಪೀಕರಣಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್‌ಗೆ 2006ರಲ್ಲಿ ಮಾಡಿದ ಸಣ್ಣ ತಿದ್ದುಪಡಿಯಿಂದ, ಒಂದೊಂದು ಬಗೆಯ ಕೀಲಿಗೂ ಸುಮಾರು ಮೂವತ್ತೆರಡು ಸಾವಿರ ಸಾಧ್ಯತೆಗಳೊಳಗೆ ಊಹಿಸಬಹುದಾದ ಕೀಲಿಗಳು ತಯಾರಾಗುತ್ತಿದ್ದವು ಎಂಬುದು 2008ರಲ್ಲಿ ಬೆಳಕಿಗೆ ಬಂತು. ಆದರೂ ನಾನು ಇದನ್ನು ನಂಬುತ್ತೇನೆ, ಏಕೆಂದರೆ ಇಂಥ ತಪ್ಪುಗಳನ್ನು ಇಲ್ಲಿ ಮುಚ್ಚಿಡದೆ ಎಲ್ಲರೆದುರು ಚರ್ಚಿಸಿ ಸರಿಪಡಿಸುತ್ತಾರೆ.

ಇನ್‌ಸ್ಟಾಲ್ ಮಾಡುವಾಗಲೇ ಇಡೀ ಡಿಸ್ಕನ್ನು ಗೂಢಲಿಪೀಕರಿಸುವ ಆಯ್ಕೆಯಿದೆ. ಅದನ್ನು ಮೊದಲ ದಿನವೇ ಆರಿಸಿಕೊಳ್ಳಿ. ಭದ್ರತಾ ತಿದ್ದುಪಡಿಗಳು ತಾವಾಗಿಯೇ ಸೇರಿಕೊಳ್ಳುವಂತೆ ಮಾಡುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಪ್ಯಾಕೇಜನ್ನೂ ಹಾಕಿಕೊಳ್ಳುವುದು ಒಳ್ಳೆಯದು.

ಯಂತ್ರದ ವಿಷಯಕ್ಕೆ ಬಂದರೆ, ಆರಂಭದಲ್ಲಿ ಬಿ450 ಮದರ್‌ಬೋರ್ಡ್ ಮೇಲೆ ನಾಲ್ಕು ಕೋರ್‌ಗಳ ರೈಝನ್ 5 2400ಜಿ ಪ್ರೊಸೆಸರ್ ಇತ್ತು. ಕೆಲವು ವರ್ಷಗಳ ನಂತರ ಅದೇ ಬೋರ್ಡ್‌ನಲ್ಲಿ ಆರು ಕೋರ್‌ಗಳ 5600ಜಿ ಕೂರಿಸಿದೆ. ಎರಡಕ್ಕೂ ಸಾಕೆಟ್ ಒಂದೇ, 65 ವಾಟ್‌ಗಳ ಮಿತಿಯೂ ಒಂದೇ. ಮೊದಲು ಬಯಾಸ್ (ಬೋರ್ಡ್‌ನ ಒಳಗಿರುವ ಮೂಲ ತಂತ್ರಾಂಶ) ನವೀಕರಿಸಿದರೆ ಸಾಕು. ಆದರೆ ಆ ಕೆಲವು ನಿಮಿಷಗಳಲ್ಲಿ ಕರೆಂಟ್ ಹೋದರೆ ಬೋರ್ಡ್ ಕೆಟ್ಟುಹೋಗುವ ಸಂಭವವಿರುವುದರಿಂದ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈಹಾಕಬಾರದು. ಪ್ರೊಸೆಸರ್ ಬದಲಿಸಿದ ಮೇಲೆ ಡೆಬಿಯನ್ ಯಾವ ಪ್ರಶ್ನೆಯನ್ನೂ ಕೇಳದೆ ಎಂದಿನಂತೆ ಆರಂಭವಾಯಿತು. ಹಣ ಉಳಿಸಲು ಹೋಗಿ ಕೊಂಡಿದ್ದ ಅಗ್ಗದ ಎಸ್‌ಎಂಪಿಎಸ್ (ಗಣಕಕ್ಕೆ ವಿದ್ಯುತ್ ಒದಗಿಸುವ ಘಟಕ) ಎರಡನೆಯ ಬೇಸಿಗೆಯಲ್ಲೇ ಸುಟ್ಟುಹೋಯಿತು. ಹೊಸದಾಗಿ ಜೋಡಿಸುವವರು ಮಿಕ್ಕ ಯಾವುದರಲ್ಲಿ ಉಳಿಸಿದರೂ ಇದರಲ್ಲಿ ಉಳಿಸಬೇಡಿ.

ಕನ್ನಡದ ಬಳಕೆಗೆ, ಭಾರತೀಯ ಭಾಷೆಗಳಲ್ಲಿ ಟೈಪಿಸಲು ನೆರವಾಗುವ ಐಬಸ್‌ನ ಎಂ17ಎನ್ ಪ್ಯಾಕೇಜಿನಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ ವಿನ್ಯಾಸವಿದೆ, ಅಂದರೆ ನುಡಿಯಲ್ಲಿ ಪಳಗಿದ ಬೆರಳುಗಳು ಹೊಸದೇನನ್ನೂ ಕಲಿಯಬೇಕಾಗಿಲ್ಲ. ಗುಬ್ಬಿ ಮತ್ತು ನವಿಲು ಫಾಂಟ್‌ಗಳು ಡೆಬಿಯನ್ ಭಂಡಾರದಲ್ಲೇ ಸಿಗುತ್ತವೆ. ಯೂನಿಕೋಡ್ ಪೂರ್ವದ ನುಡಿ ಕಡತಗಳನ್ನು ಮಾತ್ರ ಮೊದಲು ಪರಿವರ್ತಿಸಿಕೊಳ್ಳಬೇಕು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿ ತಿದ್ದಿಕೊಳ್ಳಬೇಕು.